ಮೊಣಕಾಲ ಚಿಪ್ಪು

ಪುತ್ತೂರು, ಸುಳ್ಯ, ಕಡಬಗಳ ಯಕ್ಷಗಾನಪ್ರಿಯರು ತೆಂಕುತಿಟ್ಟಿನ ದಿಗಿಣವನ್ನು ಕಂಡು ಹಿಗ್ಗುವರು; ನೆಗೆದಿಳಿದ ದೇಹದ ಭಾರವನ್ನು ಮೊಣಕಾಲು ಹೊರುವುದೆಂದು ನೆನೆಯುವವರು ವಿರಳ. ಕುಣಿಯುವ ಎಳೆಯನ ಚಿಪ್ಪು ಜಾರಿತೆಂದರೆ ‘ಅಭ್ಯಾಸ ಸಾಲದು’ ಎಂದು ಹಳಿಯುವುದುಂಟು. ಆದರೆ ದೋಷವು ಹಲವೊಮ್ಮೆ ಎಲುಬಿನ ರಚನೆಯಲ್ಲಿಯೇ ಇರುವುದು.

ತೊಡೆಯೆಲುಬಿನ ತುದಿಯ ತೋಡು ಆಳವಿಲ್ಲದಿದ್ದರೆ ಚಿಪ್ಪಿಗೆ ನೆಲೆಯಿಲ್ಲ. ಆ ತೋಡಿಗೂ, ಚಿಪ್ಪಿನಿಂದಿಳಿದ ರಜ್ಜು ಅಂಟಿಕೊಳ್ಳುವ ಕೆಳಗಿನ ಎಲುಬಿನ ಉಬ್ಬಿಗೂ ನಡುವಿನ ಅಡ್ಡದೂರವನ್ನು ವೈದ್ಯರು ಎಂ.ಆರ್.ಐ. ಚಿತ್ರದಲ್ಲಿ ಅಳೆಯುವರು, ಅದು 20 ಮಿಲಿಮೀಟರಿಗೆ ಮಿಕ್ಕರೆ ಚಿಪ್ಪು ಹೊರಮಗ್ಗುಲಿಗೆ ಸರಿಯುವ ಸಂಭವ ಹೆಚ್ಚು. ಅಂಕಿಯೊಂದೇ ತೀರ್ಪಲ್ಲ, ಚಿಪ್ಪಿನ ಎತ್ತರವನ್ನೂ ಒಳಮಗ್ಗುಲ ಕಟ್ಟಿನ ಬಲವನ್ನೂ ನೋಡಬೇಕು.

ಕುಣಿತವನ್ನು ಬಿಡಿಸುವ ಮೊದಲೂ, ಹಠದಿಂದ ಕುಣಿಸುವ ಮೊದಲೂ ಈ ಅಳತೆಯನ್ನು ಕೇಳಿ ತಿಳಿಯುವುದು ಹಿರಿಯರ ಧರ್ಮ.