ಗುಡ್ಡವಿಲ್ಲದ ಊರಿನಲ್ಲೂ ಕುಸಿತ

2018ರ ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಗುಡ್ಡ ಜರಿದು ಮನೆಗಳು ಉರುಳಿದವು. ನೀರುಂಡ ಮಣ್ಣು ಭಾರವಾಗಿ, ಹಿಡಿತ ಕಳೆದುಕೊಂಡು ಜಾರಿತ್ತು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಅಂಥ ಗುಡ್ಡಗಳಿಲ್ಲ, ನಿಜ. ಆದರೆ ಮಣ್ಣು ಕುಸಿಯಲು ಗುಡ್ಡವೇ ಬೇಕೆಂದೇನಿಲ್ಲ.

ಇಲ್ಲಿಯ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇದೆ. ಅದರ ಪದರಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಹೊಲದಲ್ಲಿ ಬಿರುಕು ಬಿಡಿಸುವ ಈ ಗುಣವೇ ತೆಳು ಪಾಯದ ಗೋಡೆಯನ್ನೂ ಸೀಳುತ್ತದೆ. ಇನ್ನು ಹಳೆಯ ಮಣ್ಣಿನ ಮಾಳಿಗೆ! ಬೇಸಿಗೆಯಲ್ಲಿ ಆ ತಂಪು ಆರ್‌ಸಿಸಿ ಮನೆಗೆಲ್ಲಿ ಬರಬೇಕು? ಆದರೆ ಜಡಿಮಳೆ ಹಿಡಿದರೆ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ. ಅದನ್ನು ಹೊರಬೇಕಾದ ಗೋಡೆ ಅದೇ ಹೊತ್ತಿಗೆ ಮೆತ್ತಗಾಗುತ್ತದೆ. ರಾತ್ರಿ ಕುಸಿದರೆ ಮಲಗಿದವರಿಗೆ ಏಳಲೂ ಸಮಯವಿರದು.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಹೊಳೆ ಇಳಿದರೂ ಗೋಡೆಯೊಳಗಿನ ನೀರು ಬೇಗ ಇಳಿಯುವುದಿಲ್ಲ. ಬಿಸಿಲು ಬಿತ್ತೆಂದು ಕೂಡಲೇ ಒಳಗೆ ಮಲಗುವುದು ಜಾಣತನವಲ್ಲ.

ಮಡಿಕೇರಿಗಾಗಲಿ ಇಲ್ಲಿಗಾಗಲಿ ಮೊದಲ ಮದ್ದು, ನೀರಿಗೆ ದಾರಿ ಬಿಡುವುದು. ಮೃಗಶಿರಾ ಮಳೆಗೆ ಮುಂಚೆಯೇ ಮಾಳಿಗೆಯ ನೀರು ದೂರ ಬೀಳುವಂತೆ, ಗೋಡೆಯ ಬುಡದಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಗೋಡೆ ಉಬ್ಬಿದರೆ, ಮಾಳಿಗೆಯಿಂದ ಮಣ್ಣು ಉದುರತೊಡಗಿದರೆ ಅಂದಿನ ರಾತ್ರಿ ಬೇರೆಡೆ ಕಳೆಯಬೇಕು. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ನಡುವಿನ ಅಂತರವನ್ನು ದಿನವೂ ಅಳೆದು ಬರೆದಿಡುವ ಕೆಲಸ ಹೈಸ್ಕೂಲಿನ ಹುಡುಗಿಯದು. ಅಳತೆಪಟ್ಟಿ ಅವಳ ಕಂಪಾಸಿನಲ್ಲೇ ಇದೆ.