ಕೆಲಸವಿಲ್ಲದ ದಾರಿ

ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಅದಕ್ಕೆ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ‘ದೂರ ಹೊಂಟೀರೇನ್ರಿ?’ ಎನ್ನುತ್ತಾರೆ. ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ಕವಿತಾಳದ ಮುಸ್ಲಿಮರ ಮನೆಗಳ ದಖನಿ ಮಾತಿನಲ್ಲಿ ಈ ನಾಜೂಕು ಇಲ್ಲ. ‘ಕಾಂ ಜಾರೇ?’ ಎಂದು ನೇರವಾಗಿ ಕೇಳುತ್ತಾರೆ. ಅದರ ಬೆನ್ನಿಗೇ ‘ಕಾಯಕು?’ ಎಂದೂ ಕೇಳುತ್ತಾರೆ. ಎಲ್ಲಿಗೆ, ಯಾತಕ್ಕೆ. ಗಂಡಸರಾದರೆ ‘ಐಸೇಚ್’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾರೆ. ಹಾಗೇ ಸುಮ್ಮನೆ ಎಂದರ್ಥ. ಅದೇ ಉತ್ತರ ಹೆಣ್ಣುಮಕ್ಕಳ ಬಾಯಲ್ಲಿ ಬಂದರೆ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತಿ ನೋಡುತ್ತಾರೆ.

ನಮ್ಮ ಅಮ್ಮಂದಿರು, ಅಜ್ಜಿಯರು ಮನೆಯೊಳಗೇ ಕೂತವರೇನಲ್ಲ. ಮದುವೆಗೆ ಹೋದರು, ಬಾಣಂತನಕ್ಕೆ ಹೋದರು, ಮಯ್ಯತ್ತಿಗೆ ಹೋದರು. ಸಂತೆಗೆ, ದವಾಖಾನೆಗೆ, ವರ್ಷಕ್ಕೊಮ್ಮೆ ಉರುಸಿಗೆ ಹೋದರು. 1972ರ ಬರದಲ್ಲಿ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆಗೆ ಜಲ್ಲಿ ಒಡೆದ ಕೈಗಳೂ ಅವರಲ್ಲಿದ್ದವು. ನಡೆದದ್ದು ಕಡಿಮೆಯೇನಲ್ಲ. ಆದರೆ ಪ್ರತಿ ಹೆಜ್ಜೆಗೂ ಒಂದು ಕಾರಣ ಇರಲೇಬೇಕಿತ್ತು. ಕೈಯಲ್ಲಿ ಒಂದು ಚೀಲವೋ, ಕಂಕುಳಲ್ಲಿ ಒಂದು ಕೂಸೋ, ತಲೆಯ ಮೇಲೆ ಒಂದು ಗಂಟೋ ಇರಬೇಕಿತ್ತು. ಬರಿಗೈಯಲ್ಲಿ ನಡೆದ ಹೆಂಗಸನ್ನು ಊರು ಕಂಡದ್ದು ಕಡಿಮೆ.

ನಾವು ನಾಲ್ಕು ಮಂದಿ. ಅರವತ್ತು ದಾಟಿದ ಖಾಲಾ, ಅವರ ಸೊಸೆ ಭಾಭಿ, ಎದುರು ಮನೆಯ ಅಂಗನವಾಡಿ ಟೀಚರು (ಅವರು ನಮಗೆಲ್ಲ ಅಕ್ಕ), ಮತ್ತು ಕಥೆ ಬರೆಯುವ ಒಬ್ಬರು. ಈ ಲೇಖನದಲ್ಲಿ ಕೈ ಒಬ್ಬರದು, ಮಾತು ನಾಲ್ವರದು. ನಮಗೆ ಬಾಗಿಲು ತೆರೆದದ್ದು ಸ್ವಾತಂತ್ರ್ಯದ ಭಾಷಣವಲ್ಲ, ಸಕ್ಕರೆ ಕಾಯಿಲೆ. ಖಾಲಾಗೆ ಶುಗರ್ ಬಂತು. ಡಾಕ್ಟರು ದಿನಾ ನಲವತ್ತು ನಿಮಿಷ ನಡೆಯಿರಿ ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಖಾಲಾ ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಒಬ್ಬರೇ ಹೋಗಬಾರದು, ತಲೆ ತಿರುಗಿದರೆ ಯಾರಾದರೂ ಬೇಕಲ್ಲ ಎಂದು ಸೊಸೆ ಜೊತೆಗೆ ಬಂದರು. ಸೊಸೆಯ ಹಿಂದೆ ನಾವಿಬ್ಬರು. ಹೀಗೆ ಒಬ್ಬರ ಕಾಯಿಲೆಯಲ್ಲಿ ಮೂವರು ಆರೋಗ್ಯವಂತರು ಪಾಲು ತೆಗೆದುಕೊಂಡೆವು.

ಫಜರ್ ನಮಾಜು ಮುಗಿಸಿ, ಅಕ್ಕ ತಮ್ಮ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆದ ಮೇಲೆ ನಾವು ಹೊರಡುತ್ತೇವೆ. ಬುರ್ಖಾದ ಕೆಳಗೆ ಕ್ಯಾನ್ವಾಸ್ ಶೂ. ಅದನ್ನು ಕೊಳ್ಳುವಾಗ ಅಂಗಡಿಯವನು ‘ಮಗನ ಅಳತಿ ಎಷ್ಟ್ರೀ?’ ಎಂದಿದ್ದ. ಖಾಲಾ ತಮ್ಮ ಕಾಲನ್ನೇ ಮುಂದೆ ಚಾಚಿದ್ದರು. ಊರು ದಾಟಿ ಬಂಡಿದಾರಿ ಹಿಡಿದರೆ ಎರಡೂ ಕಡೆ ಎರೆ ಹೊಲ. ಮಳೆಗಾಲದಲ್ಲಿ ಈ ಮಣ್ಣು ಕಾಲಿಗೆ ಅಂಟಿದರೆ ಪ್ರತಿ ಹೆಜ್ಜೆಗೂ ಒಂದು ಸೇರು ಭಾರ ಏರುತ್ತದೆ, ಬೇಸಿಗೆಯಲ್ಲಿ ಅದೇ ಮಣ್ಣು ಅಂಗೈ ಹೋಗುವಷ್ಟು ಬಿರಿಯುತ್ತದೆ. ತೊಗರಿ ಹೂವಾದಾಗ ಹಳದಿ, ಹತ್ತಿ ಒಡೆದಾಗ ಬಿಳಿ. ಚಳಿಗಾಲದಲ್ಲಿ ಜೋಳದ ತೆನೆ ಹಾಲು ತುಂಬಿದಾಗ ಒಂದು ವಾಸನೆ ಬರುತ್ತದೆ, ಅದಕ್ಕೆ ನಮ್ಮ ಎರಡೂ ಭಾಷೆಗಳಲ್ಲಿ ಹೆಸರಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಜಿಲ್ಲೆ ನಮ್ಮದು. ಆಗ ಏಳು ಗಂಟೆಯೊಳಗೆ ಮನೆ ಸೇರಿರುತ್ತೇವೆ.

ಪತ್ರಿಕೆಗಳಲ್ಲಿ ‘ಸಾಹಸ ಪ್ರವಾಸ’ದ ಜಾಹೀರಾತು ಬರುತ್ತದೆ. ದಾಂಡೇಲಿಯ ಕಾಳಿ ನದಿಯಲ್ಲಿ ರಬ್ಬರ್ ದೋಣಿ, ಕುದುರೆಮುಖದ ಚಾರಣ, ತಲೆಗೆ ಬಣ್ಣದ ಹೆಲ್ಮೆಟ್ಟು, ಮುಖದ ತುಂಬ ನಗು. ಅದನ್ನು ಹಗುರ ಮಾಡಿ ಮಾತಾಡುವುದಿಲ್ಲ. ನದಿಯ ರಭಸಕ್ಕೆ ಎದೆ ಕೊಡುವುದು ದೊಡ್ಡ ಸುಖವೇ ಇರಬೇಕು. ಆದರೆ ಆ ಚಿತ್ರ ನೋಡಿದಾಗಲೆಲ್ಲ ಸಾಹಸ ಎಂದರೆ ದುಡ್ಡು ಕೊಟ್ಟು ದೂರದಿಂದ ಕೊಂಡು ತರುವ ವಸ್ತು ಅನ್ನಿಸಿಬಿಡುತ್ತದೆ. ನಮಗೆ ಬೇರೆ ಲೆಕ್ಕ ಗೊತ್ತು. ತಮ್ಮ ಓಣಿಯ ಕೊನೆಯ ಕಟ್ಟೆಯಲ್ಲಿ ಕೂತ ಗಂಡಸರ ಮುಂದೆ ಚೀಲವಿಲ್ಲದೆ ಹಾದುಹೋಗುವುದಕ್ಕೆ ಭಾಭಿಗೆ ಎಷ್ಟು ಧೈರ್ಯ ಬೇಕಾಯಿತು ಎಂದು ನಾವು ಪಕ್ಕದಲ್ಲೇ ನಡೆದು ನೋಡಿದ್ದೇವೆ. ಮೊದಲ ವಾರ ಅವರು ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಬರುತ್ತಿದ್ದರು.

ದಾರಿ ಬೆಳೆದಂತೆ ನಮ್ಮ ಆಸೆಯೂ ಬೆಳೆಯಿತು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ವಟಗಲ್‌ವರೆಗೂ ನಡೆದೆವು. ಕವಿತಾಳದ ಹತ್ತಿರದ ಹಳ್ಳಿ ಅದು. 1990ರ ದಶಕದ ಮೊದಲ ವರ್ಷಗಳಲ್ಲಿ ಪುರಾತತ್ವದವರು ಅಲ್ಲಿ ಅಗೆದು ನೋಡಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ಜನವಸತಿಯನ್ನು ಗುರುತಿಸಿದರು. ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಂಡು, ದನ ಸಾಕಿಕೊಂಡು, ಮಡಕೆಯಲ್ಲಿ ಬೇಯಿಸಿಕೊಂಡು ಬದುಕಿದ ಜನರ ಕಾಲ ಅದು. ಇದನ್ನೆಲ್ಲ ಅಕ್ಕ ನಡೆಯುತ್ತಲೇ ಹೇಳಿದರು. ಹೊಲದ ಬದುವಿನಲ್ಲಿ ಒಂದು ಬೋಕಿ ಬಿದ್ದಿತ್ತು. ಹಳೆಯದೋ, ಮೊನ್ನೆ ಒಡೆದದ್ದೋ ನಮಗೇನು ತಿಳಿಯಬೇಕು. ಖಾಲಾ ಅದನ್ನು ಎತ್ತಿ ಬೆರಳಾಡಿಸಿದರು. ‘ಯಾರದೋ ಮನೆಯ ಗಡಿಗೆ. ಒಡೆದ ದಿನ ಆಕಿಗೆ ಬೈಗುಳ ಬಿದ್ದಿರಬೇಕು’ ಎಂದು ಇದ್ದಲ್ಲೇ ಇಟ್ಟರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಬೇವಿನ ನೆರಳಿನಲ್ಲಿ ಖಾಲಿಯಾದವು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಾಲ್ವರು ಅಂದು ಬಿಸಿಲು ಏರುವ ಮೊದಲೇ, ಯಾರಿಗೂ ಬಡಿಸದೆ ಉಂಡೆವು.

ಈ ಸುಖದ ಬಗ್ಗೆ ಬರೆಯುವಾಗ ಒಂದು ಮಾತನ್ನು ಬಿಡಬಾರದು. ನಾವು ಹೊರಡುವ ಹೊತ್ತಿಗೇ ಹತ್ತಿ ಬಿಡಿಸಲು ಹೋಗುವ ಕೂಲಿ ಹೆಣ್ಣುಮಕ್ಕಳು ಟಂಟಂ ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ಎದುರಾಗುತ್ತಾರೆ. ಗಾಡಿ ಸಿಗದವರು ನಡೆದೇ ಹೋಗುತ್ತಾರೆ. ಸುಗ್ಗಿ ಮುಗಿದರೆ ಅವರಲ್ಲಿ ಎಷ್ಟೋ ಮಂದಿ ಬೆಂಗಳೂರಿಗೆ, ಪುಣೆಗೆ ಗುಳೆ ಹೊರಡುತ್ತಾರೆ. ಪ್ರಯಾಣ ಎಂದರೆ ಅವರಿಗೆ ಬೇರೆಯೇ. ಒಬ್ಬಾಕೆ ಒಂದು ದಿನ ನಿಂತು ಕೇಳಿದಳು: ‘ಏನ್ರವ್ವಾ, ನೀವು ನಡೆಯಾಕ ಅಂತ ಬರ್ತೀರಿ, ನಾವು ನಡದು ನಡದು ಸಾಕಾಗೇವಿ.’ ನಮಗೆ ಉತ್ತರ ಹೊಳೆಯಲಿಲ್ಲ. ಆಕೆಯೇ ನಕ್ಕು, ‘ಆದ್ರೂ ಚಲೋ ಆತು ಬಿಡ್ರಿ, ಈ ದಾರ‍್ಯಾಗ ಹೆಣ್ಮಕ್ಳು ಇದ್ರ ನಮಗೂ ಧೈರ್ಯ’ ಎಂದಳು. ಮರುವಾರ ಹೊಲದ ಮಾಲೀಕನ ಒಪ್ಪಿಗೆ ಪಡೆದು ಹಸಿ ತೆನೆ ಸುಟ್ಟು, ಸೆರಗಿನಲ್ಲಿ ಉಜ್ಜಿ, ನಾಲ್ವರ ಅಂಗೈಗೂ ಬಿಸಿ ಸೀತನಿ ಹಾಕಿದಳು. ವಿರಾಮ ಇದ್ದವರ ನಡಿಗೆಗೂ ವಿರಾಮ ಇಲ್ಲದವರ ನಡಿಗೆಗೂ ಇರುವ ಅಂತರ ಒಂದು ಹಿಡಿ ಸೀತನಿಯಿಂದ ಮುಚ್ಚುವುದಿಲ್ಲ. ಕೂಲಿ ಮುಗಿಸಿದ ಕಾಲಿಗೆ ವಿಶ್ರಾಂತಿ, ಮನೆಯಲ್ಲೇ ಕೂತ ಕಾಲಿಗೆ ದಾರಿ, ಎರಡೂ ಸಿಗಬೇಕು.

ಆರು ತಿಂಗಳಾಗುವಷ್ಟರಲ್ಲಿ ಮಾತು ಬಂತು. ಓಣಿಯ ಹಿರಿಯರೊಬ್ಬರು ಮನೆಯ ಗಂಡಸರನ್ನು ಕರೆದು, ಖಾಲಾಗೆ ಕಾಯಿಲೆ ಸರಿ, ಉಳಿದವರಿಗೆ ಏನು ಎಂದು ಕೇಳಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಭಾಭಿಯ ಮಗನವರೆಗೂ ಸುದ್ದಿ ಹೋಯಿತು. ಅವನು ಫೋನ್ ಮಾಡಿ, ‘ಅಮ್ಮಿ, ಹೊರಗ ನಡೆಯೋದು ಬ್ಯಾಡ, ಟ್ರೆಡ್‌ಮಿಲ್ ಕಳಿಸ್ತೀನಿ, ಮನ್ಯಾಗೇ ನಡೀರಿ’ ಎಂದ. ‘ಅದರ ಮ್ಯಾಲ ನಡದ್ರ ವಟಗಲ್ ಬರ್ತದೇನಪಾ?’ ಎಂದು ಭಾಭಿ ಕೇಳಿದರು. ಮಗ ನಕ್ಕ. ಆದರೂ ಎರಡು ತಿಂಗಳು ಅವರು ನಮ್ಮ ಜೊತೆ ಬರಲಿಲ್ಲ. ಮೂವರು ನಡೆಯುವಾಗ ಬಂಡಿದಾರಿಯ ಆ ಇನ್ನೊಂದು ಗಾಲಿಯ ಜಾಡು ಖಾಲಿ ಕಾಣುತ್ತಿತ್ತು.

ಅವರನ್ನು ಮತ್ತೆ ಹೊರಡಿಸಿದ್ದು ಖಾಲಾ. ಹೆಚ್ಚು ಓದಿದವರಲ್ಲ, ಇಜ್ತೆಮಾದಲ್ಲಿ ಬಯಾನು ಕೇಳಿ ಬೆಳೆದವರು. ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಅವರು ಎರಡು ಸಂಗತಿ ನೆನಪಿಸಿದರು. ಒಂದು, ಪ್ರಯಾಣದ ದಾರಿಯಲ್ಲಿ ಜೊತೆಗಾರರನ್ನು ಮುಂದೆ ಕಳಿಸಿ ಪ್ರವಾದಿಯವರು ಹಜ್ರತ್ ಆಯಿಶಾರ ಜೊತೆ ಓಟದ ಪಂದ್ಯ ಕಟ್ಟಿದ್ದು. ಆ ಸಲ ಆಯಿಶಾ ಗೆದ್ದರು. ವರ್ಷಗಳ ಮೇಲೆ ಇನ್ನೊಮ್ಮೆ ಓಡಿದಾಗ ಪ್ರವಾದಿಯವರು ಗೆದ್ದು, ಅದಕ್ಕೆ ಇದು ಸರಿಹೋಯಿತು ಎಂದು ತಮಾಷೆ ಮಾಡಿದರು. ‘ಆ ಓಟಕ್ಕ ಯಾವ ಡಾಕ್ಟರ್ ಚೀಟಿ ಕೊಟ್ಟಿದ್ರು?’ ಎಂದು ಖಾಲಾ ಕೇಳಿದರು. ಎರಡನೆಯದು ಬೀಬಿ ಹಾಜರಾ. ನಿರ್ಜನ ಕಣಿವೆಯಲ್ಲಿ ಕೂಸಿಗೆ ನೀರು ಹುಡುಕುತ್ತಾ ಸಫಾ ಮತ್ತು ಮರ್ವಾ ದಿಣ್ಣೆಗಳ ನಡುವೆ ಒಬ್ಬರೇ ಏಳು ಸಲ ಓಡಾಡಿದ ಹೆಂಗಸು. ಹಜ್‌ಗೆ ಹೋದ ಪ್ರತಿಯೊಬ್ಬರೂ, ಬಾದಶಹ ಆಗಲಿ ಫಕೀರ ಆಗಲಿ, ಆ ಹೆಜ್ಜೆಗಳ ಮೇಲೆ ನಡೆದರೆ ಮಾತ್ರ ಹಜ್ ಪೂರ್ತಿ.

ಆಗ ಅಕ್ಕನಿಗೆ ಹೇಳಲು ಒಂದು ವಿಷಯ ನಮ್ಮಲ್ಲಿತ್ತು. 45 ದಾಟಿದ ಮಹಿಳೆಯರು ಕನಿಷ್ಠ ನಾಲ್ಕು ಜನ ಗುಂಪಾಗಿ ಮೆಹ್ರಮ್ ಇಲ್ಲದೆ ಹಜ್‌ಗೆ ಹೋಗಬಹುದು ಎಂದು ಭಾರತದ ಹೊಸ ಹಜ್ ನೀತಿ ಒಪ್ಪಿ, 2018ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಹಾಗೆ ಹೋಗಿಬಂದರು. ಆ ನೀತಿಯ ಬಗ್ಗೆ ಉಲೆಮಾಗಳಲ್ಲಿ ಒಮ್ಮತವಿಲ್ಲ, ಚರ್ಚೆ ಇದೆ, ಇರಲಿ. ಅಕ್ಕ ಮಾತ್ರ ‘ಮಕ್ಕಾಕ್ಕ ನಾಕು ಮಂದಿ ಹೋಗಬಹುದಂದ್ರ ವಟಗಲ್‌ಕ ಯಾಕ ಆಗಬಾರದು?’ ಎಂದರು. ಪಡಸಾಲೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮರುದಿನ ಭಾಭಿ ಶೂ ಹಾಕಿಕೊಂಡರು. ಹಾಲಿನ ಕ್ಯಾನು ಇರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾದಾಗ ನಮ್ಮ ದಾರಿ ಇನ್ನೂ ಉದ್ದವಾಯಿತು. ಹೆಂಗಸರು ಸುಮ್ಮಸುಮ್ಮನೆ ತಿರುಗುತ್ತಾರೆ ಎಂದು ಆಗ ಬಹಳ ಮಂದಿ ಹಾಸ್ಯ ಮಾಡಿದರು. ಆ ಹಾಸ್ಯದಲ್ಲೇ ವಿಷಯ ಇತ್ತು. ಬಸ್ಸಿನ ದುಡ್ಡನ್ನು ಗಂಡನ ಹತ್ತಿರ, ಮಗನ ಹತ್ತಿರ ಕೇಳುವಾಗ ಕಾರಣವನ್ನೂ ಹೇಳಬೇಕಾಗುತ್ತಿತ್ತು. ಶೂನ್ಯ ಟಿಕೆಟ್ಟು ಆ ಪ್ರಶ್ನೆಯನ್ನೂ ಶೂನ್ಯ ಮಾಡಿತು. ಕಂಡಕ್ಟರು ಆಧಾರ್ ಕಾರ್ಡ್ ಕೇಳಿದ, ಎಲ್ಲಿಗೆ ಎಂದು ಕೇಳಿದ, ಯಾತಕ್ಕೆ ಎಂದು ಕೇಳಲಿಲ್ಲ.

ನಾಲ್ವರೂ ಮಸ್ಕಿಗೆ ಹೋದೆವು. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ ಎಂದು ಶಾಲೆಯಲ್ಲಿ, ಒಬ್ಬರು ಉರ್ದುವಿನಲ್ಲಿ, ಒಬ್ಬರು ಕನ್ನಡದಲ್ಲಿ, ಓದಿದ್ದೆವು. ನೋಡಿದ್ದು ಆಗಲೇ ಮೊದಲು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅದು ಸಿಕ್ಕಿತು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇದ್ದ ಅರಸು ಅಶೋಕನೇ ಎಂದು ಖಚಿತವಾದದ್ದು ಇಲ್ಲಿ ಅವನ ಹೆಸರೇ ಸಿಕ್ಕಿದ್ದರಿಂದ. ಶಾಸನದ ತಿರುಳನ್ನು ಅಕ್ಕ ತಮ್ಮ ಮಾತಿನಲ್ಲಿ ಬಿಡಿಸಿದರು: ಧರ್ಮದ ಉನ್ನತಿ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ. ಅರಸು ಹೇಳಿದ್ದು ಧರ್ಮದ ಬಗ್ಗೆ. ಖಾಲಾ ಅದನ್ನು ಗುಡ್ಡಕ್ಕೂ ಅನ್ವಯಿಸಿಕೊಂಡರು. ‘ಹಂಗಾದ್ರ ಹತ್ತೇ ಬಿಡಮು’ ಎಂದರು.

ಹತ್ತಿದೆವು. ನಾಲ್ಕು ಕಡೆ ಕೂತೆವು, ಎರಡು ಸಲ ನೀರು ಕುಡಿದೆವು, ಒಮ್ಮೆ ಭಾಭಿಯ ಬುರ್ಖಾ ಮುಳ್ಳಿಗೆ ಸಿಕ್ಕಿ ಹರಿಯಿತು. ಗಾಳಿ ಸಿಗುವಷ್ಟು ಎತ್ತರಕ್ಕೆ ಹೋದಾಗ ಕೆಳಗೆ ಊರು, ಹೊಲ, ದೂರದಲ್ಲಿ ಮತ್ತೆ ಗುಂಡುಕಲ್ಲಿನ ಗುಡ್ಡಗಳು. ಯಾರೂ ಏನೂ ಹೇಳಲಿಲ್ಲ. ಉರ್ದುವಿನಲ್ಲಿ ‘ತಫ್ರೀಹ್’ ಎಂಬ ಮಾತಿದೆ, ಮನರಂಜನೆ, ವಿಹಾರ ಎಂದು ಅರ್ಥ ಬರೆಸುತ್ತಿದ್ದರು. ಅದರ ಬೇರು ಅರಬಿಯ ‘ಫರಹ್’, ಅಂದರೆ ಸಂತೋಷ. ಹೊರಗೆ ಹೋಗುವುದಕ್ಕೆ ಸಂತೋಷವೇ ಸಾಕಷ್ಟು ಕಾರಣ ಎಂದು ಆ ಮಾತಿನೊಳಗೇ ಇದೆ. ನಮ್ಮ ಓಣಿಗೆ ಅದು ಇನ್ನೂ ತಲುಪಿಲ್ಲ. ಇಳಿದು ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣಿ, ಮಿರ್ಚಿ ತಿಂದು ಚಾ ಕುಡಿದೆವು. ಖಾಲಾ ಸಕ್ಕರೆ ಹಾಕಿದ ಚಾವನ್ನೇ ಕುಡಿದರು, ಯಾರೂ ತಡೆಯಲಿಲ್ಲ.

ಮಗಳೊಬ್ಬಳು ಕಾಲೇಜಿಗೆ ಹೋಗುತ್ತಾಳೆ. ‘ನನಗ ಶುಗರ್ ಬರೋತನಕ ಕಾಯಬೇಕಾ?’ ಎಂದು ಮೊನ್ನೆ ಕೇಳಿದಳು. ಕಾಯಬೇಕಾಗಿಲ್ಲ ಎಂದು ಅವಳ ಅಳತೆಯ ಶೂ ತಂದಿದ್ದೇವೆ. ಈ ಚಳಿಗಾಲಕ್ಕೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗ ನೋಡಬೇಕೆಂದಿದೆ, ಕೃಷ್ಣೆಯ ನಡುಗಡ್ಡೆಯ ಕೋಟೆ. ಲಿಂಗಸುಗೂರಿನಿಂದ ಮುಂದಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಬೇಕು. ರೊಟ್ಟಿ ಖಾಲಾ ತರುತ್ತಾರೆ, ಚಟ್ನಿ ಅಕ್ಕನ ಮನೆಯದು. ಈ ಸಲ ನಾವು ಐದು ಮಂದಿ.