ಗಾಡಿ ಕಥೆ, ಕಂತು 7: ಹಿಂದಿನ ಸೀಟು

ಫೋಟೋದಲ್ಲಿ ಗಾಜಿನ ಮೇಲೆ ಅಂಟಿಸಿರೋ ಚೀಟಿ ನೋಡಿ ಅರ್ಥ ಆಗಿರ್ಬೇಕು. ಹೌದು, ಕೆಂಪಿಯನ್ನ ಮಾರ್ತಿದ್ದೀನಿ.

ನಮ್ಮ ಕಾಲೇಜಿನ ಜೂನಿಯರ್ ಒಬ್ಬ, ಈಗ ಇಲ್ಲೇ ಮೆಲ್ಬರ್ನ್ ಹತ್ರ ಜೀಲಾಂಗ್‌ನಲ್ಲಿ ಇರೋನು, ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದ: "ಅಣ್ಣ, ನಿಜ ಹೇಳಿ, ತಗೋಬಹುದಾ?" ಮಾರೋನನ್ನೇ ಕೇಳ್ತಿದ್ದಾನೆ, ಎಂಥ ಮುಗ್ಧ ನೋಡಿ. ಅವನಿಗೆ ಉತ್ತರ ಬರೆಯೋಕೆ ಹೋದೆ, ಉದ್ದ ಆಯ್ತು. ನೀವೂ ಇದೇ ಪ್ರಶ್ನೆ ಕೇಳ್ತಾನೇ ಇದ್ದೀರಲ್ಲ, ಅದಕ್ಕೆ ಇಲ್ಲೇ ಹಾಕ್ತಿದ್ದೀನಿ.

ಹೊಸಬರಿಗೆ: ಕೆಂಪಿ ಅಂದ್ರೆ 2014ರ ಟೊಯೋಟಾ 86. ಎರಡು ಬಾಗಿಲು, ಆರು ಗೇರ್, ಮ್ಯಾನ್ಯುಯಲ್. ಉದ್ದದಲ್ಲಿ ಹೋಂಡಾ ಸಿಟಿಗಿಂತ ಗಿಡ್ಡ. ಬಿಡದಿಯಲ್ಲಿ ಟೊಯೋಟಾ ಫ್ಯಾಕ್ಟರಿ ಇದೆ ನಿಜ, ಆದ್ರೆ ಈ ಗಾಡಿ ಹುಟ್ಟೋದು ಜಪಾನಿನ ಗುನ್ಮಾದಲ್ಲಿರೋ ಸುಬಾರು ಕಾರ್ಖಾನೆಯಲ್ಲಿ. ಎರಡೂ ಕಂಪನಿ ಸೇರಿ ಮಾಡಿದ್ದು. ಸುಬಾರು ಇದನ್ನೇ ಬಿಆರ್‌ಝಡ್ ಅಂತ ಮಾರುತ್ತೆ. ಇಂಡಿಯಾದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರ್ಲೇ ಇಲ್ಲ. ಬಂದಿದ್ರೂ ನಮ್ಮೂರಿನ ಮೊದಲನೇ ಹಂಪ್‌ಗೇ ಹೊಟ್ಟೆ ಉಜ್ಜಿಸ್ಕೊಂಡು ನಿಂತಿರೋದು.

86 ಅನ್ನೋ ಹೆಸರು ಸುಮ್ನೆ ಬಂದಿದ್ದಲ್ಲ. 1983ರಲ್ಲಿ ಉಳಿದ ಕೊರೊಲ್ಲಾಗಳು ಮುಂದಿನ ಗಾಲಿ ಎಳೆಯೋ ವ್ಯವಸ್ಥೆಗೆ ಹೋಗ್ತಿದ್ದಾಗ, ಎಇ86 ಅನ್ನೋ ಸಣ್ಣ ಕೂಪೆ ಮಾತ್ರ ಹಿಂದಿನ ಗಾಲಿಯಲ್ಲೇ ಉಳ್ಕೊಂಡಿತು. ಇನಿಶಿಯಲ್ ಡಿ ನೋಡಿದವರಿಗೆ ಗೊತ್ತು, ತೋಫು ಡೆಲಿವರಿ ಹುಡುಗನ ಗಾಡಿ. 2012ರಲ್ಲಿ ಬಂದ ಹೊಸ 86ರಲ್ಲಿ ಎಂಜಿನ್ನಿನ ಬೋರ್, ಸ್ಟ್ರೋಕ್ ಎರಡೂ 86 ಮಿಲಿಮೀಟರ್. ಅಷ್ಟು ಹುಚ್ಚು ಅವರಿಗೆ.

ಈಗ ವಿಷಯಕ್ಕೆ ಬರ್ತೀನಿ. ವೇಗ ಬೇಕು ಅಂತ ಇದನ್ನ ತಗೋಬೇಡಿ. 147 ಕಿಲೋವ್ಯಾಟ್, ನಮ್ಮ ಲೆಕ್ಕದಲ್ಲಿ 200 ಹಾರ್ಸ್‌ಪವರ್. ಸೊನ್ನೆಯಿಂದ ನೂರಕ್ಕೆ ಕಂಪನಿ ಲೆಕ್ಕದಲ್ಲೇ 7.6 ಸೆಕೆಂಡ್. ಸಿಗ್ನಲ್‌ನಲ್ಲಿ ಪಕ್ಕ ನಿಂತಿರೋ ಯಾವುದೋ ಎಲೆಕ್ಟ್ರಿಕ್ ಗಾಡಿ, ಹಿಂದೆ ಮಗು ಮಲಗಿಸ್ಕೊಂಡು, ಸದ್ದೇ ಇಲ್ದೆ ನಿಮ್ಮನ್ನ ಬಿಟ್ಟು ಹೋಗುತ್ತೆ. 3,500ರಿಂದ 4,500 ಆರ್‌ಪಿಎಂ ನಡುವೆ ಎಂಜಿನ್ ತೂಕಡಿಸ್ದಂಗೆ ಆಗುತ್ತೆ, ಪೂರ್ತಿ ಪವರ್ ಬೇಕಂದ್ರೆ 7,000ದವರೆಗೂ ತಿರುಗಿಸ್ಬೇಕು. 2.4 ಲೀಟರಿನ ಹೊಸ ಜಿಆರ್86ರಲ್ಲಿ ಆ ತೂಕಡಿಕೆ ಇಲ್ಲ, ಆದ್ರೆ ಅದರ ಬೆಲೆ ಕೇಳಿದ್ರೆ ನಿಮಗೆ ನಿದ್ದೆ ಬರಲ್ಲ.

ಹಾಗಾದ್ರೆ ಸಿಗೋದೇನು?

ಇದನ್ನ ನನಗೆ ಸರಿಯಾಗಿ ಹೇಳ್ಕೊಟ್ಟಿದ್ದು ಅಪ್ಪ. ನಿಮ್ಮಲ್ಲಿ ಸುಮಾರು ಜನ ಅವರ ಬಸ್ಸಲ್ಲಿ ಹೋಗಿರ್ತೀರ: ಹಾಸನ–ಮಂಗಳೂರು, ಶಿರಾಡಿ ಘಾಟ್, 29 ವರ್ಷ. ಬಸ್ಸು, ಲಾರಿ, ಅಂಬಾಸಿಡರ್, ಓಮ್ನಿ, ಹಳೇ ಇನ್ನೋವಾ, ಇವೆಲ್ಲ ಹಿಂದಿನ ಗಾಲಿ ದೂಡೋ ಗಾಡಿಗಳೇ. ಆದ್ರೆ ಅಲ್ಲಿ ಹಾಗೆ ಮಾಡಿರೋದು ಭಾರ ಹೊರೋಕೆ. ನಮ್ಮ ಸ್ವಿಫ್ಟ್‌ನಂಥವುಗಳಲ್ಲಿ ಮುಂದಿನ ಗಾಲಿಯೇ ತಿರುಗಬೇಕು, ಅದೇ ಎಳೀಬೇಕು. ಒಬ್ಬನಿಗೇ ಎರಡು ಡ್ಯೂಟಿ. 86ರಲ್ಲಿ ಡ್ಯೂಟಿ ಹಂಚಿದ್ದಾರೆ: ಮುಂದಿನದು ದಾರಿ ತೋರಿಸುತ್ತೆ, ಹಿಂದಿನದು ದೂಡುತ್ತೆ. ಎಂಜಿನ್ನಿನ ಸಿಲಿಂಡರುಗಳು ನಿಂತಿಲ್ಲ, ಎರಡೂ ಕಡೆಗೆ ಮಲಗಿವೆ. ಅದಕ್ಕೆ ಭಾರವೆಲ್ಲ ನೆಲಕ್ಕೆ ಹತ್ತಿರ. ತೂಕ ಮುಂದೆ 53, ಹಿಂದೆ 47 ಪಾಲು. ಇಡೀ ಗಾಡಿ ಸುಮಾರು 1,250 ಕೆಜಿ.

ಟೈರ್ ಕಥೆ ಇನ್ನೂ ಮಜಾ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾಡಾ ಅಗಲವಾದ, ಅಂಟಿಕೊಳ್ಳೋ ಟೈರ್ ಹಾಕ್ಲಿಲ್ಲ. 215 ಅಗಲದ್ದು, ಪ್ರಿಯಸ್ ಹೈಬ್ರಿಡ್‌ಗೂ ಹಾಕ್ತಿದ್ದ ಮಾದರಿ. ಜಿಪುಣತನ ಅಂದ್ಕೊಂಡಿದ್ದೆ. ಅಲ್ಲ. ಹಿಡಿತ ಕಮ್ಮಿ ಇದ್ರೆ ಟೈರ್ ತನ್ನ ಮಿತಿಯನ್ನ 60ರ ವೇಗದಲ್ಲೇ ತೋರಿಸುತ್ತೆ. ಅದೇ ಮಿತಿ ದೊಡ್ಡ ಸ್ಪೋರ್ಟ್ಸ್ ಕಾರಲ್ಲಿ ಗೊತ್ತಾಗೋದು 140ರಲ್ಲಿ, ಅಷ್ಟೊತ್ತಿಗೆ ಕೆಲಸ ಕೆಟ್ಟಿರುತ್ತೆ.

ನನಗೆ ಅದು ಗೊತ್ತಾಗಿದ್ದು 40ರಲ್ಲಿ. ಇದುವರೆಗೂ ಇಲ್ಲಿ ಬರೆದಿರ್ಲಿಲ್ಲ. ಹೋದ ವರ್ಷ ಜುಲೈ, ಇಲ್ಲಿ ಚಳಿಗಾಲ, ರಾತ್ರಿ ಮಳೆ. ಪಕ್ಕದಲ್ಲಿ ಫ್ರೆಂಡ್ ಇದ್ದ, ಶೋಕಿ ಮಾಡ್ಬೇಕಿತ್ತು, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡ್ದೆ. ರೌಂಡ್‌ಅಬೌಟ್‌ನಿಂದ ಹೊರಗೆ ಬರ್ತಾ ಆಕ್ಸಿಲರೇಟರ್ ತುಳಿದೆ. ಹಿಂದುಗಡೆ ಹೊರಟೋಯ್ತು. ಹೆದರಿ ಪೂರ್ತಿ ಕಾಲು ತೆಗೆದುಬಿಟ್ಟೆ, ಮಾಡಬಾರದ ಕೆಲಸ ಅದೇ. ಬಂದ ದಾರಿಗೇ ಮುಖ ಮಾಡಿ ಗಾಡಿ ನಿಂತಿತು. ಎದುರಿಗೆ ಯಾರೂ ಬರ್ತಿರ್ಲಿಲ್ಲ. ಬಂದಿದ್ರೆ ಈ ಕಂತು ಇರ್ತಿರ್ಲಿಲ್ಲ. ಫ್ರೆಂಡ್ ಮನೆ ಮುಟ್ಟೋವರೆಗೂ ಒಂದ್ ಮಾತೂ ಆಡ್ಲಿಲ್ಲ.

ಡಿಸೆಂಬರ್‌ನಲ್ಲಿ ಅಪ್ಪ–ಅಮ್ಮ ಬಂದ್ರು. ಒಂದು ಭಾನುವಾರ ಬೆಳಗ್ಗೆ ಅಪ್ಪನನ್ನ ಡ್ಯಾಂಡೆನಾಂಗ್ ಬೆಟ್ಟಕ್ಕೆ ಕರ್ಕೊಂಡು ಹೋದೆ. "ಏನೋ ಇದು, ಚಾಪೆ ಮೇಲೆ ಕೂತಂಗಿದೆ" ಅಂದ್ರು. ಅರ್ಧ ದಾರಿಯಲ್ಲಿ ಸ್ಟೇರಿಂಗ್ ಕೊಟ್ಟೆ. ತಿರುವಿಗೆ ಮುಂಚೆ ಬ್ರೇಕ್, ಒಳಗೆ ಹೋದ್ಮೇಲೆ ಬ್ರೇಕ್ ಮುಟ್ಟಲ್ಲ, ಹೊರಗೆ ಬರ್ತಾ ನಿಧಾನಕ್ಕೆ ಆಕ್ಸಿಲರೇಟರ್. ಅದೇ ಶಿರಾಡಿ ಪಾಠ. ನಾನು ಎರಡು ವರ್ಷ ಯೂಟ್ಯೂಬ್ ನೋಡಿ ಕಲಿತಿದ್ದು ಅವರ ಕಾಲಲ್ಲೇ ಇತ್ತು. ಅವಾಗ್ಲೇ ಜುಲೈ ವಿಷಯ ಬಾಯ್ಬಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಹಿಂದಿನ ಗಾಲಿ ಜಾರಕ್ಕೆ ಮುಂಚೆ ಸೊಂಟಕ್ಕೆ ಗೊತ್ತಾಗುತ್ತೆ ಕಣೋ. ಗಾಡಿ ಹೇಳಿರುತ್ತೆ, ನೀನ್ ಕೇಳಿಸ್ಕೊಂಡಿಲ್ಲ" ಅಂದ್ರು.

ಸಿಗೋದು ಅದು. ಗಾಡಿ ಹೇಳುತ್ತೆ. ಇವತ್ತಿನ ಎಷ್ಟೋ ಕಾರು ಏನೂ ಹೇಳಲ್ಲ, ಎಲ್ಲಾ ಚೆನ್ನಾಗಿದೆ ಚೆನ್ನಾಗಿದೆ ಅಂತ ಕೊನೇ ಕ್ಷಣದವರೆಗೂ ಸಮಾಧಾನ ಮಾಡ್ತವೆ.

ಆದ್ರೆ ಆ ಭಾನುವಾರ ಅಮ್ಮ ಮನೇಲಿದ್ರು. ಏರ್‌ಪೋರ್ಟಿಗೂ ನಾನು ಬಾಡಿಗೆ ಕಾರ್ ತಗೊಂಡೇ ಹೋಗಿದ್ದು. 86ಕ್ಕೆ ಪುಸ್ತಕದಲ್ಲಿ ನಾಲ್ಕು ಸೀಟು. ಹಿಂದಿನ ಎರಡು ಲ್ಯಾಪ್‌ಟಾಪ್ ಬ್ಯಾಗಿಗೆ. ಮಡಿಸಿದ್ರೆ ನಾಲ್ಕು ಟೈರ್ ಹಿಡಿಸುತ್ತೆ, ಟ್ರ್ಯಾಕ್‌ಗೆ ಹೋಗೋರಿಗೆ ಅಂತಾನೇ ಹಾಗೆ ಮಾಡಿರೋದು. ನಾಲ್ಕು ಟೈರಿಗೆ ಜಾಗ ಇದೆ, ಅಮ್ಮನ ಮಂಡಿಗೆ ಇಲ್ಲ. ಒಂದು ಸಲ ಪ್ರಯತ್ನ ಪಟ್ರು. ಸೀರೆ ಸಿಕ್ಕಾಕೊಂಡು, ನಾನೂ ಅಪ್ಪನೂ ಒಂದೊಂದು ಕೈ ಹಿಡಿದು ಹೊರಗೆ ಎಳೆದ್ವಿ. ಮೂರೂ ಜನ ನಕ್ಕಿದ್ದೇ ನಕ್ಕಿದ್ದು. ರಾತ್ರಿ ಪಾತ್ರೆ ಒರೆಸ್ತಾ ಅಮ್ಮ ಕೇಳಿದ್ರು: "ದುಡ್ಡು ಕೊಟ್ಟು ತಗೊಳ್ಳೋವಾಗ ನಾವು ಬರ್ತೀವಿ ಅಂತ ನೆನಪಾಗ್ಲಿಲ್ವಾ?"

ನೆನಪಾಗಿರ್ಲಿಲ್ಲ. ಅದೇ ನಿಜ. ಇಪ್ಪತ್ನಾಲ್ಕು ವರ್ಷ, ಮೊದಲ ಕೆಲಸ, ನಾನೊಬ್ಬನೇ ಅನ್ನೋ ಲೆಕ್ಕದಲ್ಲಿ ತಗೊಂಡಿದ್ದು.

ಈ ಸಲ ಅವರು ಆರು ತಿಂಗಳಿಗೆ ಬರ್ತಿದ್ದಾರೆ. ಅದಕ್ಕೆ ಚೀಟಿ.

ಜೂನಿಯರ್ ಸಾಹೇಬ್ರೇ, ನಿಮಗೆ ಉಳಿದ ವಿವರ: ಇಲ್ಲಿ ವಿಕ್ಟೋರಿಯಾದಲ್ಲಿ ಪಿ ಪ್ಲೇಟ್ ಇದ್ರೂ ಓಡಿಸಬಹುದು, ಟನ್ನಿಗೆ 130 ಕಿಲೋವ್ಯಾಟ್ ಅನ್ನೋ ಮಿತಿಯೊಳಗೇ ಇದೆ. 98 ಆಕ್ಟೇನ್ ಪೆಟ್ರೋಲೇ ಹಾಕು. 25 ಆಗಿಲ್ಲ ಅಂದ್ರೆ ಇನ್ಶೂರೆನ್ಸ್ ಕೊಟೇಶನ್ ಮೊದ್ಲು ತಗೋ, ಕಾರ್ ಆಮೇಲೆ. ಎಡಗಡೆ ಹಿಂದಿನ ಅಲಾಯ್‌ಗೆ ಗೀಚಿದೆ, ಜುಲೈದೇ ಅದು, ಆ ರಾತ್ರಿ ಕರ್ಬ್‌ಗೆ ತಾಗಿದ್ದು. ಜಾಹೀರಾತಿನ ಫೋಟೋದಲ್ಲಿ ಕಾಣಲ್ಲ, ಬೇಕಂತಲೇ ಆ ಕಡೆಯಿಂದ ತೆಗೆದಿರ್ಲಿಲ್ಲ. ಈಗ ಹೇಳಿದ್ದೀನಿ.

ಶನಿವಾರ ಬಾ. ಮೊದ್ಲು ಹಿಂದಿನ ಸೀಟಲ್ಲಿ ಹತ್ತು ನಿಮಿಷ ಕೂರು. ಆಮೇಲೆ ಕೀ ಕೊಡ್ತೀನಿ.